ಎದುರಾಳಿಗೂ ಪಾಠ ಹೇಳುವ ಕೋಚ್‌ಗಳು: ಕಾಲೇಜು ಬ್ಯಾಸ್ಕೆಟ್‌ಬಾಲ್ ಕ್ಲಿನಿಕ್ ಅಂದ್ರೆ ಏನು, ಅದರ ಬಾಗಿಲು ಯಾರಿಗೆ ತೆರೆಯಿತು?

ವಿದ್ಯೆ ಹಂಚಿದಷ್ಟೂ ಹೆಚ್ಚುತ್ತೆ ಅಂತ ನಮ್ಮಲ್ಲಿ ಎಲ್ಲರೂ ಹೇಳ್ತಾರೆ. ಆದರೆ ನಾಳೆ ನಮ್ಮನ್ನೇ ಸೋಲಿಸಬಹುದಾದವರಿಗೆ ನಮ್ಮ ವಿದ್ಯೆ ಹೇಳಿಕೊಡ್ತೀವಾ? ಟ್ಯೂಷನ್ ನೋಟ್ಸ್‌ನಿಂದ ಹಿಡಿದು ಕಂಪನಿಗಳ ಸಾಫ್ಟ್‌ವೇರ್ ಕೋಡ್‌ವರೆಗೆ ಎಲ್ಲವನ್ನೂ ಬಚ್ಚಿಟ್ಟುಕೊಳ್ಳುವುದೇ ರೂಢಿಯಾಗಿರುವ ಕಾಲ ಇದು. ಇಂಥದ್ದರಲ್ಲಿ ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್‌ನಲ್ಲಿ ಒಂದು ವಿಚಿತ್ರ ಪದ್ಧತಿ ಇದೆ. ಕೋಟ್ಯಂತರ ರೂಪಾಯಿ ಸಂಬಳ ಪಡೆಯುವ, ಸೋತರೆ ಕೆಲಸ ಕಳೆದುಕೊಳ್ಳುವ ಕೋಚ್‌ಗಳು ತಮ್ಮ ತಂತ್ರಗಳನ್ನೆಲ್ಲ ಬೇರೆ ಕೋಚ್‌ಗಳ ಮುಂದೆ ನಿಂತು ಬಿಡಿಸಿ ಹೇಳ್ತಾರೆ. ಕೇಳಿಸಿಕೊಳ್ಳುವವರಲ್ಲಿ ಮುಂದಿನ ಸೀಸನ್‌ನ ಎದುರಾಳಿಗಳೂ ಇರ್ತಾರೆ. ಇದಕ್ಕೆ ಕೋಚಿಂಗ್ ಕ್ಲಿನಿಕ್ ಅಂತ ಹೆಸರು.

ಮೇಲ್ನೋಟಕ್ಕೆ ಇದು ಜ್ಞಾನದ ದಾಸೋಹ. ಆದರೆ ಇತಿಹಾಸ ನೋಡಿದರೆ ಇನ್ನೊಂದು ಸಂಗತಿಯೂ ಕಾಣುತ್ತೆ. ಪಂಕ್ತಿಯಲ್ಲಿ ಯಾರನ್ನು ಕೂರಿಸಬೇಕು, ಯಾರನ್ನು ಹೊರಗೇ ನಿಲ್ಲಿಸಬೇಕು ಅನ್ನೋದನ್ನು ಇಲ್ಲಿಯೂ ಯಾರೋ ತೀರ್ಮಾನ ಮಾಡ್ತಿದ್ದರು. ಕ್ಲಿನಿಕ್ ಹೇಗೆ ನಡೆಯುತ್ತೆ, ಎಲ್ಲಿಂದ ಬಂತು, ಇದರಲ್ಲಿ ರಾಜಕೀಯ ಎಲ್ಲಿದೆ ಅನ್ನೋದರ ವಿವರ ಇಲ್ಲಿದೆ.

ಕ್ಲಿನಿಕ್‌ನಲ್ಲಿ ನಡೆಯೋದೇನು?

ಕ್ಲಿನಿಕ್ ಅಂದ ತಕ್ಷಣ ಆಸ್ಪತ್ರೆ ನೆನಪಾಗಬೇಕಿಲ್ಲ. ಕ್ರೀಡೆಯಲ್ಲಿ ಈ ಪದಕ್ಕೆ ಕಾರ್ಯಾಗಾರ ಅಂತ ಅರ್ಥ. ಆಟಗಾರರಿಗಾಗಿ ನಡೆಯುವ ಶಿಬಿರವೇ ಬೇರೆ, ಕೋಚ್‌ಗಳಿಗಾಗಿಯೇ ನಡೆಯುವ ಕ್ಲಿನಿಕ್ಕೇ ಬೇರೆ. ಒಂದು ದಿನದಿಂದ ಮೂರು ದಿನದವರೆಗೆ ನಡೆಯುವ ಇದರಲ್ಲಿ ಪ್ರೌಢಶಾಲೆಯ ಕೋಚ್‌ಗಳು, ಸಣ್ಣ ಕಾಲೇಜಿನವರು, ಆಗಷ್ಟೇ ವೃತ್ತಿಗೆ ಬಂದ ಸಹಾಯಕ ಕೋಚ್‌ಗಳು ಹೆಚ್ಚಾಗಿ ಶುಲ್ಕ ಕೊಟ್ಟು ಸೇರ್ತಾರೆ. ಕೋರ್ಟ್ ಸುತ್ತಲಿನ ಬೆಂಚುಗಳಲ್ಲಿ ನೋಟ್‌ಬುಕ್ ಹಿಡಿದು ಕೂರ್ತಾರೆ.

ಕಾಲೇಜು ತಂಡದ ಮುಖ್ಯ ಕೋಚ್ ಒಬ್ಬರು ಮೈಕ್ ಸಿಕ್ಕಿಸಿಕೊಂಡು ಕೋರ್ಟಿಗೆ ಬರ್ತಾರೆ. ಸ್ಥಳೀಯ ಕಾಲೇಜಿನ ಏಳೆಂಟು ಹುಡುಗರೋ ಹುಡುಗಿಯರೋ ಪ್ರಾತ್ಯಕ್ಷಿಕೆಗೆ ನಿಂತಿರ್ತಾರೆ. ವಿಷಯ ಒಂದೇ ಇರುತ್ತೆ. ಎದುರಾಳಿ ತಂಡದವರು ನಮ್ಮ ಆಟಗಾರನಿಗೆ ಅಡ್ಡ ನಿಂತು ತಮ್ಮವನಿಗೆ ದಾರಿ ಮಾಡಿಕೊಟ್ಟಾಗ ಏನು ಮಾಡಬೇಕು ಅನ್ನೋದು ಒಂದು ತರಗತಿ. ಇದಕ್ಕೆ ಸ್ಕ್ರೀನ್ ಅಂತಾರೆ. ನಾಲ್ಕು ಜನ ಒಟ್ಟಿಗೆ ಸರಿಯುತ್ತಾ ಬುಟ್ಟಿ ಕಾಯುವ ಅಭ್ಯಾಸ ಇನ್ನೊಂದು ತರಗತಿ, ಇದಕ್ಕೆ ಶೆಲ್ ಡ್ರಿಲ್ ಅಂತ ಹೆಸರು. ಪಂದ್ಯದ ಕೊನೆಯ ಎರಡು ನಿಮಿಷ ಹೇಗೆ ಆಡಬೇಕು ಅನ್ನೋದು ಮತ್ತೊಂದು. ಕೋಚ್ ಆಟ ನಿಲ್ಲಿಸ್ತಾರೆ, ಹುಡುಗನ ಪಾದ ಯಾವ ಕಡೆ ತಿರುಗಿದೆ ಅಂತ ತೋರಿಸ್ತಾರೆ, ಮತ್ತೆ ಆಡಿಸ್ತಾರೆ. ಕೇಳುಗರ ನೋಟ್‌ಬುಕ್ ಗುಣಾಕಾರದ ಚಿಹ್ನೆ, ಸೊನ್ನೆ, ಬಾಣದ ಗುರುತುಗಳಿಂದ ತುಂಬಿಹೋಗುತ್ತೆ. ಒಂದು ಗುರುತು ನಮ್ಮವರಿಗೆ, ಇನ್ನೊಂದು ಎದುರಾಳಿಗಳಿಗೆ.

ನಿಜವಾದ ಪಾಠ ನಡೆಯೋದು ಸಂಜೆ ಊಟದ ಮೇಜಿನ ಮೇಲೆ ಅಂತ ಹಳೇ ಕೋಚ್‌ಗಳು ಹೇಳ್ತಾರೆ. ಉಪ್ಪು ಮತ್ತು ಮೆಣಸಿನ ಡಬ್ಬಿಗಳು ಆಟಗಾರರಾಗ್ತವೆ, ಪೇಪರ್ ನ್ಯಾಪ್ಕಿನ್ ಕೋರ್ಟ್ ಆಗುತ್ತೆ. ಯಾರಿಗೆ ಕೆಲಸ ಖಾಲಿ ಇದೆ, ಯಾರು ಸಹಾಯಕನನ್ನು ಹುಡುಕ್ತಿದ್ದಾರೆ ಅನ್ನೋ ಸುದ್ದಿಯೂ ಅಲ್ಲೇ ಓಡಾಡುತ್ತೆ. ಈ ಕೊನೆಯ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಗುಟ್ಟು ಬಿಟ್ಟುಕೊಡೋದ್ಯಾಕೆ?

ಮೊದಲ ಕಾರಣ ಸರಳ. ತಂತ್ರ ಗೊತ್ತಿರೋದು ಬೇರೆ, ಅದನ್ನು ಮಾಡಿ ತೋರಿಸೋದು ಬೇರೆ. ಅಡುಗೆ ಪುಸ್ತಕ ಓದಿದವರೆಲ್ಲ ಒಳ್ಳೆ ಬಾಣಸಿಗರಾಗಲ್ಲ. ಇದಕ್ಕೆ ವರ್ಜೀನಿಯಾ ವಿಶ್ವವಿದ್ಯಾಲಯದ ತಂಡ ಒಳ್ಳೆಯ ಉದಾಹರಣೆ. ಡಿಕ್ ಬೆನೆಟ್ ಅನ್ನೋ ಕೋಚ್ 'ಪ್ಯಾಕ್ ಲೈನ್' ಅನ್ನುವ ಡಿಫೆನ್ಸ್ ರೂಪಿಸಿದ್ದರು. ಬುಟ್ಟಿಯಿಂದ ಸುಮಾರು 16 ಅಡಿ ದೂರದಲ್ಲಿ ಒಂದು ಕಾಲ್ಪನಿಕ ಗೆರೆ. ಚೆಂಡು ಹಿಡಿದವನನ್ನು ಒಬ್ಬ ಎದುರಿಸಿದರೆ, ಉಳಿದ ನಾಲ್ವರು ಆ ಗೆರೆಯ ಒಳಗೆ ಕೋಟೆ ಕಟ್ಟಿದ ಹಾಗೆ ನಿಲ್ತಾರೆ. ಇದರಲ್ಲಿ ಗುಟ್ಟೇನೂ ಇರಲಿಲ್ಲ. ಬೋಧನಾ ವಿಡಿಯೋಗಳಲ್ಲಿ ಅವರೇ ವಿವರವಾಗಿ ಹೇಳಿಕೊಟ್ಟಿದ್ದರು. ಆದರೂ ಅವರ ಮಗ ಟೋನಿ ಬೆನೆಟ್ ಅದೇ ಡಿಫೆನ್ಸ್ ಇಟ್ಟುಕೊಂಡು 2019ರಲ್ಲಿ ವರ್ಜೀನಿಯಾಕ್ಕೆ ರಾಷ್ಟ್ರೀಯ ಪ್ರಶಸ್ತಿ ಗೆದ್ದುಕೊಟ್ಟರು. ಹಿಂದಿನ ವರ್ಷ, ಅಂದ್ರೆ 2018ರಲ್ಲಿ, ಅದೇ ತಂಡ ಅದೇ ಡಿಫೆನ್ಸ್ ಆಡಿಯೂ ಮೊದಲ ಸುತ್ತಿನಲ್ಲೇ ಸೋತಿತ್ತು. 16ನೇ ಶ್ರೇಯಾಂಕದ ತಂಡಕ್ಕೆ ಅಗ್ರ ಶ್ರೇಯಾಂಕದ ತಂಡ ಸೋತಿದ್ದು ಪುರುಷರ ಟೂರ್ನಿಯಲ್ಲಿ ಅದೇ ಮೊದಲು. ಗೆಲುವು ಸೋಲು ಎರಡಕ್ಕೂ ನಕ್ಷೆ ಒಂದೇ. ವ್ಯತ್ಯಾಸ ಆಟಗಾರರದ್ದು, ಅಭ್ಯಾಸದ್ದು, ಆ ದಿನದ್ದು.

ಎರಡನೇ ಕಾರಣ, ಬಚ್ಚಿಡಲು ಸಾಧ್ಯವೂ ಇಲ್ಲ. ಪಂದ್ಯಗಳೆಲ್ಲ ವಿಡಿಯೋದಲ್ಲಿ ಸಿಗುತ್ತವೆ. ಎದುರಾಳಿ ಹೇಗಿದ್ದರೂ ನೋಡಿ ಕಲಿಯುತ್ತಾನೆ.

ಮೂರನೇ ಕಾರಣ ಸ್ವಲ್ಪ ವ್ಯವಹಾರದ್ದು. ಬೆಂಚಿನ ಮೇಲೆ ಕೂತು ಬರೆದುಕೊಳ್ಳುವ ಪ್ರೌಢಶಾಲೆ ಕೋಚ್‌ನ ತಂಡದಲ್ಲಿ ಮುಂದಿನ ತಾರೆ ಇರಬಹುದು. ಆ ಹುಡುಗ ಯಾವ ಕಾಲೇಜು ಸೇರಬೇಕು ಅನ್ನೋದರಲ್ಲಿ ಆತನ ಕೋಚ್ ಮಾತಿಗೆ ಬೆಲೆ ಇದೆ. ಹಾಗಾಗಿ ಕ್ಲಿನಿಕ್‌ನಲ್ಲಿ ಪಾಠ ಮಾಡೋದು ಸಂಬಂಧ ಕಟ್ಟಿಕೊಳ್ಳುವ ದಾರಿಯೂ ಹೌದು. ಇದನ್ನು ಕಪಟ ಅಂತ ಕರೆಯಬೇಕಿಲ್ಲ. ಹಂಚಿಕೊಳ್ಳುವವರಿಗೂ ಲಾಭ ಇದೆ ಅನ್ನೋದು ಗೊತ್ತಿದ್ದರೆ ಸಾಕು.

ಡ್ರಿಬಲ್ ಉಳಿಸಲು ಹುಟ್ಟಿದ ಸಂಘ

ಬ್ಯಾಸ್ಕೆಟ್‌ಬಾಲ್ ಹುಟ್ಟಿದ್ದೇ ಒಂದು ತರಬೇತಿ ಶಾಲೆಯಲ್ಲಿ. 1891ರ ಡಿಸೆಂಬರ್‌ನಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ, ವೈಎಂಸಿಎ ನಡೆಸುತ್ತಿದ್ದ ಶಾಲೆಯ ಶಿಕ್ಷಕ ಜೇಮ್ಸ್ ನೈಸ್ಮಿತ್ ಚಳಿಗಾಲದಲ್ಲಿ ಒಳಾಂಗಣದಲ್ಲಿ ಆಡಿಸಲು 13 ನಿಯಮ ಬರೆದು, ಪೀಚ್ ಹಣ್ಣಿನ ಬುಟ್ಟಿ ಕಟ್ಟಿ ಆಟ ಶುರು ಮಾಡಿದರು. ಅಲ್ಲಿದ್ದ ವಿದ್ಯಾರ್ಥಿಗಳು ದೈಹಿಕ ಶಿಕ್ಷಕರಾಗಲು ಬಂದವರು. ಅವರು ಕಲಿತು ಹೋದ ಕಡೆಯೆಲ್ಲ ಆಟವೂ ಹೋಯಿತು.

1898ರಲ್ಲಿ ನೈಸ್ಮಿತ್ ಕಾನ್ಸಾಸ್ ವಿಶ್ವವಿದ್ಯಾಲಯಕ್ಕೆ ಬಂದರು. ಈ ಆಟವನ್ನು ಆಡಬೇಕೇ ಹೊರತು ಕೋಚ್ ಮಾಡುವುದಕ್ಕೆ ಇದರಲ್ಲೇನಿದೆ ಅನ್ನೋದು ಅವರ ಧೋರಣೆಯಾಗಿತ್ತು ಅಂತ ಹೇಳ್ತಾರೆ. ಕಾನ್ಸಾಸ್‌ನಲ್ಲಿ ಗೆಲುವಿಗಿಂತ ಸೋಲೇ ಹೆಚ್ಚು ಕಂಡ ಒಬ್ಬನೇ ಕೋಚ್ ಅಂದರೆ ಆಟ ಕಂಡುಹಿಡಿದ ನೈಸ್ಮಿತ್! ಅವರ ಶಿಷ್ಯ ಫಾಗ್ ಅಲೆನ್ ಮಾತ್ರ ಕೋಚಿಂಗ್ ಅನ್ನೋದೇ ಒಂದು ವೃತ್ತಿ ಅಂತ ಸಾಧಿಸಿ ತೋರಿಸಿದರು.

1927ರಲ್ಲಿ ನಿಯಮ ರೂಪಿಸುವ ಸಮಿತಿ ಡ್ರಿಬಲ್ ಅನ್ನು ಹೆಚ್ಚುಕಡಿಮೆ ತೆಗೆದೇ ಹಾಕಲು ಹೊರಟಿತು. ಚೆಂಡನ್ನು ಒಂದೇ ಸಲ ನೆಲಕ್ಕೆ ಬಡಿಯಬಹುದು ಅನ್ನೋ ನಿಯಮ ಬರುವುದರಲ್ಲಿತ್ತು. ಅಲೆನ್ ಕೋಚ್‌ಗಳನ್ನೆಲ್ಲ ಒಟ್ಟುಗೂಡಿಸಿ ಪ್ರತಿಭಟಿಸಿದರು. ಸಮಿತಿ ಹಿಂದೆ ಸರಿಯಿತು. ಆ ಹೋರಾಟದಲ್ಲಿ ಹುಟ್ಟಿದ್ದೇ ರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಕೋಚ್‌ಗಳ ಸಂಘ, ಎನ್‌ಎಬಿಸಿ. ಇವತ್ತು ನೀವು ನೋಡುವ ಬ್ಯಾಸ್ಕೆಟ್‌ಬಾಲ್‌ನಿಂದ ಡ್ರಿಬಲ್ ತೆಗೆದರೆ ಏನುಳಿಯುತ್ತೆ ಯೋಚಿಸಿ. ಅದು ಉಳಿದಿದ್ದು ಕೋಚ್‌ಗಳು ಸಂಘಟಿತರಾಗಿದ್ದಕ್ಕೆ.

ಇದೇ ಸಂಘ 1939ರಲ್ಲಿ ಮೊದಲ ರಾಷ್ಟ್ರೀಯ ಕಾಲೇಜು ಟೂರ್ನಿ ನಡೆಸಿತು. ಫೈನಲ್‌ನಲ್ಲಿ ಒರೆಗಾನ್ ತಂಡ ಒಹಾಯೊ ಸ್ಟೇಟ್ ತಂಡವನ್ನು 46–33ರಿಂದ ಸೋಲಿಸಿತು. ಸಂಘಕ್ಕೆ 2,531 ಡಾಲರ್ ನಷ್ಟವಾಯಿತು. ಆಮೇಲೆ ಟೂರ್ನಿಯನ್ನು ಕಾಲೇಜು ಕ್ರೀಡೆಗಳ ಆಡಳಿತ ಸಂಸ್ಥೆ ಎನ್‌ಸಿಎಎ ವಹಿಸಿಕೊಂಡಿತು. ಇವತ್ತು ಕೋಟಿಗಟ್ಟಲೆ ಡಾಲರ್ ಟಿವಿ ಹಣ ತರುವ 'ಮಾರ್ಚ್ ಮ್ಯಾಡ್‌ನೆಸ್' ಅದೇ ಟೂರ್ನಿ. ಅದರ ಕೊನೆಯ ಹಂತವಾದ 'ಫೈನಲ್ ಫೋರ್' ನಡೆಯುವ ಊರಿನಲ್ಲೇ ಎನ್‌ಎಬಿಸಿಯ ವಾರ್ಷಿಕ ಸಮಾವೇಶವೂ ಸೇರುತ್ತೆ, ಕ್ಲಿನಿಕ್‌ಗಳೂ ನಡೆಯುತ್ತವೆ.

ಸಣ್ಣ ಊರಿನ ಐಡಿಯಾ, ದೊಡ್ಡ ಊರಿನ ಹೆಸರು

ಹಂಚಿಕೊಂಡ ಜ್ಞಾನ ಹೇಗೆ ಸಾಗುತ್ತೆ ಅಂತ ತಿಳಿಯಲು ಎರಡು ಕತೆ ಸಾಕು.

ಟೆಕ್ಸ್ ವಿಂಟರ್ ಕಾನ್ಸಾಸ್ ಸ್ಟೇಟ್ ವಿಶ್ವವಿದ್ಯಾಲಯದ ಕೋಚ್ ಆಗಿದ್ದರು. ಮೂವರು ಆಟಗಾರರು ಕೋರ್ಟಿನ ಒಂದು ಬದಿಯಲ್ಲಿ ತ್ರಿಕೋನವಾಗಿ ನಿಂತು, ಎದುರಾಳಿ ಹೇಗೆ ಕಾಯ್ತಾನೋ ಅದರ ಪ್ರಕಾರ ಮುಂದಿನ ಹೆಜ್ಜೆ ಇಡುವ ಆಟವನ್ನು ಅವರು ಬೆಳೆಸಿದರು. ಅದರ ಬೀಜ ಸಿಕ್ಕಿದ್ದು ಅವರ ಗುರು ಸ್ಯಾಮ್ ಬ್ಯಾರಿ ಹತ್ತಿರ. 1962ರಲ್ಲಿ ವಿಂಟರ್ ಅದನ್ನೆಲ್ಲ ಪುಸ್ತಕವಾಗಿ ಬರೆದು ಜಗತ್ತಿಗೆ ಕೊಟ್ಟರು. ಮುಂದೆ ಅವರು ಶಿಕಾಗೊ ಬುಲ್ಸ್ ತಂಡದ ಸಹಾಯಕ ಕೋಚ್ ಆದಾಗ ಫಿಲ್ ಜಾಕ್ಸನ್ ಇದೇ 'ಟ್ರಯಾಂಗಲ್' ಆಟ ಹಿಡಿದರು. ಮೈಕೆಲ್ ಜೋರ್ಡನ್ ಇದ್ದ ಬುಲ್ಸ್ 6 ಬಾರಿ, ಆಮೇಲೆ ಕೋಬಿ ಬ್ರಯಂಟ್ ಇದ್ದ ಲೇಕರ್ಸ್ 5 ಬಾರಿ ಜಾಕ್ಸನ್ ಕೈಕೆಳಗೆ ಎನ್‌ಬಿಎ ಗೆದ್ದವು. ಪುಸ್ತಕ ಅಂಗಡಿಯಲ್ಲೇ ಇತ್ತು, ಯಾರು ಬೇಕಾದರೂ ಓದಬಹುದಿತ್ತು.

ಎರಡನೇ ಕತೆ ಅಷ್ಟು ಸಿಹಿಯಲ್ಲ. ವ್ಯಾನ್ಸ್ ವಾಲ್ಬರ್ಗ್ ಕ್ಯಾಲಿಫೋರ್ನಿಯಾದ ಫ್ರೆಸ್ನೊ ಸಿಟಿ ಕಾಲೇಜಿನ ಕೋಚ್. ಅದು ಎರಡು ವರ್ಷದ ಕೋರ್ಸ್ ಇರುವ ಸಮುದಾಯ ಕಾಲೇಜು. ನಾಲ್ವರನ್ನು ಅಗಲವಾಗಿ ಹರಡಿ ನಿಲ್ಲಿಸಿ, ನಡುವೆ ಸಿಗುವ ಸಂದಿಯಲ್ಲಿ ಚೆಂಡು ಬಡಿಯುತ್ತಾ ನುಗ್ಗುವ ಪದ್ಧತಿಯನ್ನು ಅವರು ಕಟ್ಟಿದ್ದರು. 2003ರಲ್ಲಿ ಮೆಂಫಿಸ್ ತಂಡದ ಅಭ್ಯಾಸ ನೋಡಲು ಹೋದಾಗ ಅಲ್ಲಿನ ಪ್ರಸಿದ್ಧ ಕೋಚ್ ಜಾನ್ ಕ್ಯಾಲಿಪಾರಿ ಅವರಿಗೆ ಇದನ್ನು ವಿವರಿಸಿದರು. ಕ್ಯಾಲಿಪಾರಿ ತಮ್ಮ ಆಟವನ್ನೇ ಬದಲಿಸಿಕೊಂಡರು, ಅದು 'ಡ್ರಿಬಲ್ ಡ್ರೈವ್' ಅಂತ ಹೆಸರಾಯ್ತು. 2008ರಲ್ಲಿ ಮೆಂಫಿಸ್ ರಾಷ್ಟ್ರೀಯ ಫೈನಲ್ ತಲುಪಿ ಹೆಚ್ಚುವರಿ ಅವಧಿಯಲ್ಲಿ ಕಾನ್ಸಾಸ್‌ಗೆ ಸೋತಿತು. ಆಟಗಾರನೊಬ್ಬನ ಪ್ರವೇಶ ಪರೀಕ್ಷೆಯ ವಿವಾದದಿಂದ ಆ ಸೀಸನ್‌ನ ಗೆಲುವುಗಳನ್ನು ದಾಖಲೆಯಿಂದ ತೆಗೆದುಹಾಕಿದರು ಅನ್ನೋದು ಬೇರೆ ಮಾತು. ಅದೇ 2008ರ ಆರಂಭದಲ್ಲಿ ವಾಲ್ಬರ್ಗ್ ತಾವು ಮುಖ್ಯ ಕೋಚ್ ಆಗಿದ್ದ ಪೆಪರ್‌ಡೈನ್ ವಿಶ್ವವಿದ್ಯಾಲಯದ ಕೆಲಸ ಬಿಟ್ಟಿದ್ದರು. ಆಮೇಲೆ ಎನ್‌ಬಿಎಯಲ್ಲಿ ಸಹಾಯಕ ಕೋಚ್ ಹುದ್ದೆಗಳು ಸಿಕ್ಕವು ನಿಜ. ಆದರೆ ದೊಡ್ಡ ಆಟಗಾರರು, ದೊಡ್ಡ ಬಜೆಟ್ ಇರುವ ಕಡೆ ಐಡಿಯಾಗೆ ಸಿಕ್ಕ ಫಲ, ಅದನ್ನು ಕಟ್ಟಿದವರ ತಂಡಕ್ಕೆ ಸಿಗಲಿಲ್ಲ.

ಕ್ಯಾಲಿಪಾರಿ ವಾಲ್ಬರ್ಗ್ ಹೆಸರನ್ನು ಮುಚ್ಚಿಡಲಿಲ್ಲ, ಬಹಿರಂಗವಾಗೇ ಹೇಳಿದರು. ಅದರಿಂದಲೇ ನಮಗೆ ಈ ಕತೆ ಗೊತ್ತು. ಹೆಸರೇ ಹೇಳದೆ ಬಳಸಿಕೊಂಡ ವಿದ್ಯೆಗಳ ಲೆಕ್ಕ ಯಾರ ಹತ್ತಿರವೂ ಇಲ್ಲ.

ಗುರು ಸಿಕ್ಕರು, ಅಂಗಳ ಸಿಗಲಿಲ್ಲ

1933ರಲ್ಲಿ ಜಾನ್ ಮ್ಯಾಕ್‌ಲೆಂಡನ್ ಅನ್ನೋ ಕಪ್ಪು ಹುಡುಗ ಕಾನ್ಸಾಸ್ ವಿಶ್ವವಿದ್ಯಾಲಯಕ್ಕೆ ಸೇರಿದ. ಆಟ ಕಂಡುಹಿಡಿದ ನೈಸ್ಮಿತ್ ಆಗ ಅಲ್ಲೇ ಪ್ರಾಧ್ಯಾಪಕರು. ಅವರು ಈ ಹುಡುಗನನ್ನು ಶಿಷ್ಯನನ್ನಾಗಿ ಸ್ವೀಕರಿಸಿ ತಿದ್ದಿ ಬೆಳೆಸಿದರು. ಆದರೆ ಕಾನ್ಸಾಸ್ ತಂಡದಲ್ಲಿ ಕಪ್ಪು ಜನರಿಗೆ ಜಾಗವಿರಲಿಲ್ಲ. ಆ ತಂಡದ ಕೋಚ್ ಬೇರೆ ಯಾರೂ ಅಲ್ಲ, ಡ್ರಿಬಲ್ ಉಳಿಸಿದ, ಕೋಚ್‌ಗಳ ಸಂಘ ಕಟ್ಟಿದ ಅದೇ ಫಾಗ್ ಅಲೆನ್. ಏಕಲವ್ಯನಿಗೆ ಗುರುವೇ ಪಾಠ ನಿರಾಕರಿಸಿದ. ಮ್ಯಾಕ್‌ಲೆಂಡನ್‌ಗೆ ಗುರು ಸಿಕ್ಕರು, ಆಡುವ ಅಂಗಳ ಸಿಗಲಿಲ್ಲ. ಕಲಿತ ವಿದ್ಯೆಯನ್ನು ಇನ್ನೊಬ್ಬರಿಗೆ ಕಲಿಸುವುದೊಂದೇ ಅವರಿಗೆ ಉಳಿದ ದಾರಿ.

ಮ್ಯಾಕ್‌ಲೆಂಡನ್ ಉತ್ತರ ಕೆರೊಲಿನಾದ ಡರ್ಹಮ್‌ನಲ್ಲಿ ಕಪ್ಪು ವಿದ್ಯಾರ್ಥಿಗಳ ಕಾಲೇಜೊಂದರ ಕೋಚ್ ಆದರು. ಎಲ್ಲರೂ ನಿಧಾನವಾಗಿ ಆಡುತ್ತಿದ್ದ ಕಾಲದಲ್ಲಿ ಅವರ ಹುಡುಗರು ಚೆಂಡು ಕೈಗೆ ಸಿಕ್ಕ ಕೂಡಲೇ ಓಡುತ್ತಿದ್ದರು. ಫಾಸ್ಟ್ ಬ್ರೇಕ್, ಇಡೀ ಕೋರ್ಟಿನುದ್ದಕ್ಕೂ ಎದುರಾಳಿಯನ್ನು ಒತ್ತಿ ಹಿಡಿಯುವ ಪ್ರೆಸ್, ಆಟಗಾರರನ್ನು ಮೂಲೆಗಳಿಗೆ ಹರಡಿ ಚೆಂಡು ಕಾಪಾಡಿಕೊಳ್ಳುವ ವಿಧಾನ, ಇವನ್ನೆಲ್ಲ ಬೆಳೆಸಿದ ಮೊದಲಿಗರಲ್ಲಿ ಅವರೂ ಒಬ್ಬರು. ಕೊನೆಯದು ಮುಂದೆ 'ಫೋರ್ ಕಾರ್ನರ್ಸ್' ಅಂತ ಪ್ರಸಿದ್ಧವಾಗಿದ್ದು ಪಕ್ಕದ ಊರು ಚಾಪೆಲ್ ಹಿಲ್‌ನ ಬಿಳಿಯ ಕೋಚ್ ಡೀನ್ ಸ್ಮಿತ್ ಹೆಸರಿನಲ್ಲಿ. ಸ್ಮಿತ್ ಕೂಡ ಕಾನ್ಸಾಸ್‌ನಲ್ಲಿ ಓದಿದವರು, ಫಾಗ್ ಅಲೆನ್ ತಂಡದಲ್ಲಿ ಆಡಿದವರು. ವರ್ಣಭೇದದ ವಿರುದ್ಧ ನಿಂತು 1966ರಲ್ಲಿ ಚಾರ್ಲಿ ಸ್ಕಾಟ್ ಅನ್ನೋ ಕಪ್ಪು ಆಟಗಾರನನ್ನು ತಮ್ಮ ವಿಶ್ವವಿದ್ಯಾಲಯಕ್ಕೆ ಕರೆತಂದವರೂ ಅವರೇ. ಹಾಗಾಗಿ ಇಲ್ಲಿ ಬೈಯಬೇಕಾಗಿರೋದು ಒಬ್ಬ ವ್ಯಕ್ತಿಯನ್ನಲ್ಲ. ಒಬ್ಬರ ಆಟ ಪತ್ರಿಕೆಯಲ್ಲಿ ಬರುತ್ತಿತ್ತು, ಇನ್ನೊಬ್ಬರ ಆಟ ಊರಾಚೆ ಉಳಿಯುತ್ತಿತ್ತು. ವ್ಯವಸ್ಥೆ ಇದ್ದದ್ದೇ ಹಾಗೆ.

1944ರ ಮಾರ್ಚ್ 12, ಭಾನುವಾರ ಬೆಳಗ್ಗೆ. ಊರಿನವರೆಲ್ಲ ಚರ್ಚ್‌ನಲ್ಲಿದ್ದ ಹೊತ್ತಿನಲ್ಲಿ ಡ್ಯೂಕ್ ವೈದ್ಯಕೀಯ ಕಾಲೇಜಿನ ಬಿಳಿಯ ಆಟಗಾರರು ಮ್ಯಾಕ್‌ಲೆಂಡನ್ ಕಾಲೇಜಿನ ಜಿಮ್‌ಗೆ ಗುಟ್ಟಾಗಿ ಬಂದರು. ಬಾಗಿಲು ಹಾಕಿಕೊಂಡು ಪಂದ್ಯ ಆಡಿದರು. ಕಪ್ಪು ಬಿಳಿಯರು ಒಟ್ಟಿಗೆ ಆಡುವುದೇ ಅಪಾಯದ ಕೆಲಸವಾಗಿದ್ದ ಕಾಲ. ಮ್ಯಾಕ್‌ಲೆಂಡನ್ ತಂಡ 88–44ರಿಂದ ಗೆದ್ದಿತು. ಆಮೇಲೆ ಎರಡೂ ತಂಡದವರು ಬೆರೆತು ಇನ್ನೊಂದು ಆಟ ಆಡಿದರು. ಈ ಪಂದ್ಯದ ಸುದ್ದಿ ಹೊರ ಜಗತ್ತಿಗೆ ತಿಳಿಯಲು ಅರ್ಧ ಶತಮಾನ ಬೇಕಾಯಿತು. ಇತಿಹಾಸಕಾರ ಸ್ಕಾಟ್ ಎಲ್ಸ್‌ವರ್ತ್ ಅದನ್ನು ಬೆಳಕಿಗೆ ತಂದರು.

ಸಣ್ಣ ಕಾಲೇಜುಗಳ ಸಂಸ್ಥೆ ಎನ್‌ಎಐಎ 1953ರಲ್ಲಿ ಕಪ್ಪು ಕಾಲೇಜುಗಳಿಗೆ ತನ್ನ ಟೂರ್ನಿಯ ಬಾಗಿಲು ತೆರೆಯಿತು. ಮ್ಯಾಕ್‌ಲೆಂಡನ್ ಅವರ ಟೆನೆಸ್ಸೀ ಎ ಅಂಡ್ ಐ ತಂಡ 1957, 1958, 1959ರಲ್ಲಿ ಸತತ ಮೂರು ಬಾರಿ ಗೆದ್ದಿತು. ಬಾಗಿಲು ತೆರೆದ ನಾಲ್ಕೇ ವರ್ಷಕ್ಕೆ ಮೊದಲ ಪ್ರಶಸ್ತಿ! ಪ್ರತಿಭೆ ಇರಲಿಲ್ಲ ಅಂತ ಹೇಳುತ್ತಿದ್ದವರಿಗೆ ಬೇರೆ ಉತ್ತರ ಬೇಕಿರಲಿಲ್ಲ. 1966ರಲ್ಲಿ ಕ್ಲೀವ್‌ಲ್ಯಾಂಡ್ ಸ್ಟೇಟ್‌ಗೆ ಬಂದ ಅವರು, ಬಿಳಿಯರೇ ಬಹುಸಂಖ್ಯಾತರಾದ ವಿಶ್ವವಿದ್ಯಾಲಯಕ್ಕೆ ಮುಖ್ಯ ಕೋಚ್ ಆದ ಮೊದಲ ಕಪ್ಪು ವ್ಯಕ್ತಿ ಅನಿಸಿಕೊಂಡರು. ಫಾಸ್ಟ್ ಬ್ರೇಕ್ ಬಗ್ಗೆ ಪುಸ್ತಕ ಬರೆದರು, ಹಲವು ದೇಶಗಳಲ್ಲಿ ಆಟ ಕಲಿಸಿದರು. 1979ರಲ್ಲಿ ನೈಸ್ಮಿತ್ ಹೆಸರಿನ ಹಾಲ್ ಆಫ್ ಫೇಮ್ ಅವರನ್ನು ಸೇರಿಸಿಕೊಂಡಿತು. ಆದರೆ 'ಕೋಚ್' ಅಂತ ಅಲ್ಲ, 'ಕೊಡುಗೆ ನೀಡಿದವರು' ಅಂತ. ಕೋಚ್ ಅಂತ ಗುರುತಿಸಿದ್ದು 2016ರಲ್ಲಿ. ಅವರು ತೀರಿಕೊಂಡು 17 ವರ್ಷ ಆಗಿತ್ತು.

ಬೇರೆ ಮನೆ ಕಟ್ಟಿಕೊಂಡವರು

ಊಟದ ಮೇಜಿನ ಮೇಲೆ ಕೆಲಸದ ಸುದ್ದಿ ಓಡಾಡುತ್ತೆ ಅಂತ ಮೇಲೆ ಹೇಳಿದೆವಲ್ಲ? ಆ ಮೇಜಿಗೆ ಕರೆಯದಿದ್ದರೆ ಕೆಲಸವೂ ಸಿಗಲ್ಲ. ಅಮೆರಿಕದ ಕ್ರೀಡಾ ಬರಹಗಾರರು 'ಕೋಚಿಂಗ್ ಟ್ರೀ' ಅಂತಾರೆ, ಕೋಚ್‌ಗಳ ವಂಶವೃಕ್ಷ. ಬಾಬ್ ನೈಟ್ ಕೈಕೆಳಗೆ ಆಡಿದ ಮೈಕ್ ಶೆಶೆಫ್‌ಸ್ಕಿ ದೊಡ್ಡ ಕೋಚ್ ಆದರು, ಅವರ ಆಟಗಾರರೂ ಸಹಾಯಕರೂ ಬೇರೆ ಕಡೆ ಮುಖ್ಯ ಕೋಚ್ ಆದರು. ಮರದ ಕೊಂಬೆಯಲ್ಲಿ ಇದ್ದವರಿಗೆ ನೆರಳು, ಉಳಿದವರಿಗೆ ಬಿಸಿಲು.

ಅದಕ್ಕೇ 1980ರ ದಶಕದ ಕೊನೆಯಲ್ಲಿ ಕಪ್ಪು ಕೋಚ್‌ಗಳು ತಮ್ಮದೇ ಸಂಘ ಕಟ್ಟಿಕೊಂಡರು. 1984ರಲ್ಲಿ ಎನ್‌ಸಿಎಎ ಪುರುಷರ ಪ್ರಶಸ್ತಿ ಗೆದ್ದ ಮೊದಲ ಕಪ್ಪು ಮುಖ್ಯ ಕೋಚ್ ಜಾನ್ ಥಾಂಪ್ಸನ್, ಟೆಂಪಲ್ ವಿಶ್ವವಿದ್ಯಾಲಯದ ಜಾನ್ ಚೇನಿ ಇವರೆಲ್ಲ ಮುಂದಾಳುಗಳು. 1989ರಲ್ಲಿ ಎನ್‌ಸಿಎಎ, ಪ್ರವೇಶ ಪರೀಕ್ಷೆಯಲ್ಲಿ ನಿಗದಿತ ಅಂಕ ಬಾರದ ಹೊಸ ವಿದ್ಯಾರ್ಥಿಗಳಿಗೆ ಕ್ರೀಡಾ ವಿದ್ಯಾರ್ಥಿವೇತನವೇ ಸಿಗದಂತೆ ಮಾಡುವ 'ಪ್ರೊಪೊಸಿಷನ್ 42' ನಿಯಮ ತಂದಿತು. ಬಡ ಕಪ್ಪು ಮಕ್ಕಳಿಗೆ ಇದು ಹೊಡೆತ ಅಂತ ಥಾಂಪ್ಸನ್ ಪಂದ್ಯ ಶುರುವಾಗುವ ಹೊತ್ತಿಗೆ ಕೋರ್ಟ್ ಬಿಟ್ಟು ಹೊರನಡೆದರು. ನೀಟ್ ಪರೀಕ್ಷೆ ಯಾರಿಗೆ ಅನುಕೂಲ ಅನ್ನೋ ಚರ್ಚೆ ಕೇಳಿದವರಿಗೆ ಈ ವಾದ ಹೊಸದೇನಲ್ಲ. ಮರುವರ್ಷ ನಿಯಮ ಸಡಿಲವಾಯಿತು. 1994ರಲ್ಲಿ ತಂಡಕ್ಕೊಂದು ಹೆಚ್ಚುವರಿ ವಿದ್ಯಾರ್ಥಿವೇತನ ಕೊಡಲು ಎನ್‌ಸಿಎಎ ಒಪ್ಪದಿದ್ದಾಗ ಕಪ್ಪು ಕೋಚ್‌ಗಳು ಪಂದ್ಯ ಬಹಿಷ್ಕರಿಸುವ ಎಚ್ಚರಿಕೆ ಕೊಟ್ಟರು. ಸಂಸತ್ತಿನ ಕಪ್ಪು ಸದಸ್ಯರು ಮಧ್ಯೆ ಬಂದು ಮಾತುಕತೆ ನಡೆಸಬೇಕಾಯಿತು.

ಕಾನೂನು ಬಂತು, ಕುರ್ಚಿ ಹೋಯಿತು

ಮಹಿಳೆಯರ ಕತೆಯಲ್ಲಿ ಬೇರೆಯದೇ ತಿರುವು ಇದೆ. ಸರ್ಕಾರಿ ನೆರವು ಪಡೆಯುವ ಶಿಕ್ಷಣ ಸಂಸ್ಥೆಗಳಲ್ಲಿ ಲಿಂಗ ತಾರತಮ್ಯ ನಿಷೇಧಿಸುವ 'ಟೈಟಲ್ ನೈನ್' ಕಾನೂನು 1972ರಲ್ಲಿ ಬಂತು. ಹುಡುಗಿಯರ ತಂಡಗಳು ಹೆಚ್ಚಿದವು, ಹಣ ಬಂತು. ಆಗ ಕಾಲೇಜುಗಳ ಮಹಿಳಾ ತಂಡಗಳಲ್ಲಿ ಶೇ 90ಕ್ಕೂ ಹೆಚ್ಚಿನವಕ್ಕೆ ಹೆಂಗಸರೇ ಕೋಚ್. ಹಣ ಬಂದ ಮೇಲೆ ಗಂಡಸರೂ ಬಂದರು. ಎಲ್ಲ ಕ್ರೀಡೆಗಳನ್ನೂ ಒಟ್ಟಾಗಿ ನೋಡಿದರೆ ಮುಂದೆ ಆ ಪ್ರಮಾಣ ಅರ್ಧಕ್ಕಿಂತ ಕೆಳಗೆ ಇಳಿಯಿತು. ಪುರುಷರ ತಂಡಗಳಿಗೆ ಹೆಂಗಸರು ಕೋಚ್ ಆಗಿದ್ದು ಮಾತ್ರ ಬೆರಳೆಣಿಕೆ. 1990ರಲ್ಲಿ ಕೆಂಟಕಿ ಪುರುಷರ ತಂಡ ಬರ್ನಡೆಟ್ ಲಾಕ್ ಅವರನ್ನು ಸಹಾಯಕ ಕೋಚ್ ಮಾಡಿಕೊಂಡಿದ್ದೇ ದೊಡ್ಡ ಸುದ್ದಿಯಾಗಿತ್ತು.

ಪ್ಯಾಟ್ ಸಮಿಟ್ 1974ರಲ್ಲಿ ಟೆನೆಸ್ಸೀ ಮಹಿಳಾ ತಂಡದ ಮುಖ್ಯ ಕೋಚ್ ಆದಾಗ ವಯಸ್ಸು 22, ಸಂಬಳ ತಿಂಗಳಿಗೆ 250 ಡಾಲರ್. ಆಟಗಾರ್ತಿಯರ ಬಟ್ಟೆ ಒಗೆಯುವುದು, ವ್ಯಾನ್ ಓಡಿಸುವುದು ಎಲ್ಲ ಅವರದ್ದೇ. ನಿವೃತ್ತಿ ಹೊತ್ತಿಗೆ 1,098 ಗೆಲುವು, 8 ರಾಷ್ಟ್ರೀಯ ಪ್ರಶಸ್ತಿ. ಮಹಿಳಾ ಬ್ಯಾಸ್ಕೆಟ್‌ಬಾಲ್ ಕೋಚ್‌ಗಳ ಪ್ರತ್ಯೇಕ ಸಂಘ ಹುಟ್ಟಿದ್ದು 1981ರಲ್ಲಿ.

ಜ್ಞಾನದ ಜೊತೆ ಧೈರ್ಯವನ್ನೂ ದಾಟಿಸಬಹುದು ಅನ್ನೋದಕ್ಕೆ ಒಂದು ಉದಾಹರಣೆ. ಬ್ಯಾಸ್ಕೆಟ್‌ಬಾಲ್‌ನಲ್ಲಿ ಪ್ರಶಸ್ತಿ ಗೆದ್ದವರು ಬುಟ್ಟಿಯ ಬಲೆ ಕತ್ತರಿಸಿ ಇಟ್ಟುಕೊಳ್ಳುವ ಸಂಪ್ರದಾಯ ಇದೆ. 1999ರಲ್ಲಿ ಪರ್ಡ್ಯೂ ತಂಡದೊಂದಿಗೆ ರಾಷ್ಟ್ರೀಯ ಪ್ರಶಸ್ತಿ ಗೆದ್ದ ಮೊದಲ ಕಪ್ಪು ಮಹಿಳಾ ಕೋಚ್ ಕ್ಯಾರೊಲಿನ್ ಪೆಕ್, ತಮ್ಮ ಬಲೆಯ ತುಂಡೊಂದನ್ನು ಡಾನ್ ಸ್ಟೇಲಿ ಅವರಿಗೆ ಕೊಟ್ಟರು. 2017ರಲ್ಲಿ ಸೌತ್ ಕೆರೊಲಿನಾ ತಂಡದೊಂದಿಗೆ ಗೆದ್ದ ಸ್ಟೇಲಿ, ಮುಂದೆ ತಮ್ಮ ಬಲೆಯ ತುಂಡುಗಳನ್ನು ಅಗ್ರ ವಿಭಾಗದ ಕಪ್ಪು ಮಹಿಳಾ ಮುಖ್ಯ ಕೋಚ್‌ಗಳಿಗೆಲ್ಲ ಅಂಚೆಯಲ್ಲಿ ಕಳಿಸಿದರು. ಅವರಲ್ಲಿ ಸ್ಟೇಲಿಯ ಎದುರಾಳಿಗಳೂ ಇದ್ದರು.

ವೇದಿಕೆಯ ಹಿಂದಿನ ಬ್ಯಾನರ್

1970ರ ದಶಕದ ಕೊನೆಯಲ್ಲಿ ಸನ್ನಿ ವಕಾರೊ ಅನ್ನೋ ವ್ಯಕ್ತಿ ನೈಕಿ ಕಂಪನಿಗೆ ಒಂದು ದಾರಿ ತೋರಿಸಿದರು. ಕಾಲೇಜು ಕೋಚ್‌ಗೆ ಹಣ ಕೊಡಿ, ಆತ ತನ್ನ ಇಡೀ ತಂಡಕ್ಕೆ ನಿಮ್ಮ ಶೂ ತೊಡಿಸ್ತಾನೆ. ಆಟಗಾರರಿಗೆ ಶೂ ಸಿಗುತ್ತಿತ್ತು, ಹಣ ಕೋಚ್‌ಗೆ. ಶೂ ಕಂಪನಿಗಳ ಹೆಸರಿನಲ್ಲೇ ಕ್ಲಿನಿಕ್‌ಗಳೂ, ಪ್ರೌಢಶಾಲಾ ಆಟಗಾರರ ಶಿಬಿರಗಳೂ ನಡೆಯತೊಡಗಿದವು. ಅಮೆರಿಕದ ಹಲವು ರಾಜ್ಯಗಳಲ್ಲಿ ಸರ್ಕಾರದಿಂದ ಅತಿ ಹೆಚ್ಚು ಸಂಬಳ ಪಡೆಯುವ ನೌಕರ ಅಂದ್ರೆ ರಾಜ್ಯಪಾಲರಲ್ಲ, ಸರ್ಕಾರಿ ವಿಶ್ವವಿದ್ಯಾಲಯದ ಫುಟ್‌ಬಾಲ್ ಅಥವಾ ಬ್ಯಾಸ್ಕೆಟ್‌ಬಾಲ್ ಕೋಚ್. ಆಟಗಾರರು ಮಾತ್ರ 'ಹವ್ಯಾಸಿಗಳು'. ಅವರಿಗೆ ವಿದ್ಯಾರ್ಥಿವೇತನ ಬಿಟ್ಟರೆ ಏನೂ ಕೊಡುವಂತಿರಲಿಲ್ಲ.

ಇಂಥ ಅಸಮಾನತೆ ಇದ್ದ ಕಡೆ ಕಳ್ಳ ವ್ಯವಹಾರ ಹುಟ್ಟದೇ ಇರುತ್ತಾ? 2017ರ ಸೆಪ್ಟೆಂಬರ್‌ನಲ್ಲಿ ಎಫ್‌ಬಿಐ 10 ಜನರ ಮೇಲೆ ಪ್ರಕರಣ ಹೂಡಿತು. ಅವರಲ್ಲಿ ನಾಲ್ವರು ಕಾಲೇಜು ಸಹಾಯಕ ಕೋಚ್‌ಗಳು, ಜೊತೆಗೆ ಅಡಿಡಾಸ್ ಕಂಪನಿಯ ಅಧಿಕಾರಿ. ಆಟಗಾರರ ಕುಟುಂಬಕ್ಕೆ ಹಣ ಮುಟ್ಟಿಸುವುದು, ಆಟಗಾರರನ್ನು ಏಜೆಂಟರ ಕಡೆ ಕಳಿಸಲು ಲಂಚ ಪಡೆಯುವುದು ಆರೋಪ.

ಅಷ್ಟರಲ್ಲಿ ಆಟಗಾರರೂ ನ್ಯಾಯಾಲಯ ಹತ್ತಿದ್ದರು. 2021ರಲ್ಲಿ ಸುಪ್ರೀಂ ಕೋರ್ಟ್ 9–0 ತೀರ್ಪಿನಲ್ಲಿ, ಆಟಗಾರರಿಗೆ ಸಿಗುವ ಶಿಕ್ಷಣ ಸಂಬಂಧಿ ಸೌಲಭ್ಯಗಳಿಗೆ ಎನ್‌ಸಿಎಎ ಮಿತಿ ಹಾಕುವುದು ಕಾನೂನುಬಾಹಿರ ಅಂದಿತು. ಅದೇ ವರ್ಷ ಜುಲೈ 1ರಿಂದ ಆಟಗಾರರು ತಮ್ಮ ಹೆಸರು, ಚಿತ್ರ ಬಳಸಿ ಜಾಹೀರಾತಿನಿಂದ ಗಳಿಸಬಹುದಾಯಿತು. 2025ರ ಜೂನ್‌ನಲ್ಲಿ ಒಪ್ಪಿಗೆಯಾದ ಒಪ್ಪಂದದ ಪ್ರಕಾರ ವಿಶ್ವವಿದ್ಯಾಲಯಗಳು ಮೊದಲ ವರ್ಷ ಸುಮಾರು 2.05 ಕೋಟಿ ಡಾಲರ್‌ವರೆಗೆ ಆಟಗಾರರಿಗೆ ನೇರವಾಗಿ ಹಂಚಬಹುದು. ಕೋಚ್‌ಗಳು ತಂತ್ರವನ್ನು ಒಂದು ಶತಮಾನದಿಂದ ಹಂಚಿಕೊಂಡಿದ್ದರು. ಹಣ ಹಂಚಿಕೊಳ್ಳಲು ಮಾತ್ರ ಕೋರ್ಟು ಹೇಳಬೇಕಾಯಿತು.

ನಮ್ಮ ಅಂಗಳದಲ್ಲಿ

ಸ್ಪ್ರಿಂಗ್‌ಫೀಲ್ಡ್‌ನ ಎಳೆ ನಮ್ಮ ತನಕವೂ ಬಂದಿದೆ. ಅಲ್ಲಿ ಕಲಿತ ಹ್ಯಾರಿ ಕ್ರೋ ಬಕ್ 1920ರಲ್ಲಿ ಮದ್ರಾಸ್‌ನಲ್ಲಿ ವೈಎಂಸಿಎ ದೈಹಿಕ ಶಿಕ್ಷಣ ಕಾಲೇಜು ಕಟ್ಟಿದರು. 1961ರಲ್ಲಿ ಪಟಿಯಾಲದಲ್ಲಿ ರಾಷ್ಟ್ರೀಯ ಕ್ರೀಡಾ ಸಂಸ್ಥೆ ಬಂದ ಮೇಲೆ ಕೋಚ್ ಆಗಲು ಡಿಪ್ಲೊಮಾ ಅನ್ನೋ ದಾರಿ ಸಿಕ್ಕಿತು. 2014ರಲ್ಲಿ ಭಾರತದ ಪುರುಷರ ತಂಡ ಚೀನಾದ ನೆಲದಲ್ಲೇ ಚೀನಾವನ್ನು 65–58ರಿಂದ ಸೋಲಿಸಿದಾಗ ಕೋಚ್ ಆಗಿದ್ದವರು ಅಮೆರಿಕದ ಸ್ಕಾಟ್ ಫ್ಲೆಮಿಂಗ್. ಅವರು ಮೊದಲು ಒಹಾಯೊದ ಸಣ್ಣ ಕಾಲೇಜೊಂದರಲ್ಲಿ ಕೋಚ್ ಆಗಿದ್ದವರು. 2017ರಲ್ಲಿ ಬೆಂಗಳೂರಿನ ಕಂಠೀರವ ಒಳಾಂಗಣದಲ್ಲಿ ನಡೆದ ಏಷ್ಯಾ ಕಪ್‌ನಲ್ಲಿ ಭಾರತದ ಹುಡುಗಿಯರು ಕಜಕಸ್ತಾನವನ್ನು ಎರಡೇ ಅಂಕದಿಂದ ಸೋಲಿಸಿ ಬಿ ವಿಭಾಗ ಗೆದ್ದರು. ಒಳ್ಳೆಯ ಪಾಠ ಸಿಕ್ಕರೆ ನಮ್ಮವರಿಗೂ ಆಗುತ್ತೆ ಅನ್ನೋದಕ್ಕೆ ಈ ಎರಡು ಗೆಲುವು ಸಾಕ್ಷಿ.

ಪ್ರಶ್ನೆ ಇರೋದು ಆ ಪಾಠ ಯಾರಿಗೆ ತಲುಪುತ್ತೆ ಅನ್ನೋದರಲ್ಲಿ. ತಾಲ್ಲೂಕು ಕೇಂದ್ರದ ಸರ್ಕಾರಿ ಶಾಲೆಯ ಪಿಟಿ ಮೇಷ್ಟ್ರು ಬೆಳಗ್ಗೆ ಪ್ರಾರ್ಥನೆ ನಿಲ್ಲಿಸಬೇಕು, ಕಬಡ್ಡಿಯಿಂದ ಅಥ್ಲೆಟಿಕ್ಸ್‌ವರೆಗೆ ಎಲ್ಲ ಆಟ ಆಡಿಸಬೇಕು, ಚುನಾವಣೆ ಕೆಲಸಕ್ಕೂ ಹೋಗಬೇಕು. ಅವರಿಗೆ ಎರಡು ದಿನ ರಜೆ ಕೊಟ್ಟು, ಬಸ್ ಚಾರ್ಜ್ ಕೊಟ್ಟು, ಒಳ್ಳೆಯ ಕೋಚ್ ಮುಂದೆ ಕನ್ನಡದಲ್ಲಿ ಕಲಿಯಲು ಕೂರಿಸಿದರೆ ಅದರ ಫಲ ನೂರಾರು ಮಕ್ಕಳಿಗೆ ಸಿಗುತ್ತೆ. ಕ್ಲಿನಿಕ್ ಅನ್ನೋದು ಕ್ರೀಡಾಂಗಣ ಕಟ್ಟುವುದಕ್ಕಿಂತ ಎಷ್ಟೋ ಅಗ್ಗದ ಕೆಲಸ. ಒಂದು ಕೋರ್ಟ್, ಒಂದು ಬೋರ್ಡ್, ಏಳೆಂಟು ಆಟಗಾರರು ಸಾಕು.

ಆದ್ದರಿಂದ ಮುಂದಿನ ಸಲ ನಿಮ್ಮ ಊರಲ್ಲಿ ಯಾವುದೇ ಆಟದ ಕೋಚಿಂಗ್ ಕ್ಲಿನಿಕ್ ಬ್ಯಾನರ್ ಕಂಡರೆ, ದೊಡ್ಡ ಹೆಸರು ನೋಡಿ ಸುಮ್ಮನಾಗಬೇಡಿ. ಶುಲ್ಕ ಎಷ್ಟು, ಸರ್ಕಾರಿ ಶಾಲೆಯವರಿಗೆ ರಿಯಾಯಿತಿ ಇದೆಯಾ ಕೇಳಿ. ಪಾಠ ಯಾವ ಭಾಷೆಯಲ್ಲಿ, ಹೇಳಿಕೊಡುವವರಲ್ಲಿ ಹೆಂಗಸರು ಎಷ್ಟು ಜನ, ಹಳ್ಳಿಗಳಿಂದ, ಹಾಸ್ಟೆಲ್‌ಗಳಿಂದ ಯಾರನ್ನು ಕರೆದಿದ್ದಾರೆ ವಿಚಾರಿಸಿ. ಅಲ್ಲಿ ಬರೆದುಕೊಂಡ ನೋಟ್ಸ್ ಬರಲಾಗದವರಿಗೂ ಸಿಗುತ್ತಾ ಅಂತ ಕೇಳೋದನ್ನು ಮರೆಯಬೇಡಿ. ಕೇಳಿದ್ದು ಜಿಲ್ಲಾ ಕ್ರೀಡಾ ಇಲಾಖೆಯ ಕಚೇರಿಯಲ್ಲಾದರೆ, ಉತ್ತರವನ್ನು ಬರವಣಿಗೆಯಲ್ಲೇ ಪಡೆದುಕೊಳ್ಳಿ.